ಚೆಲೋ ಸುಮ್ಮನಿರುವ ಜಾಗ

ರಾನೆಲಾ, ಡಬ್ಲಿನ್
1974 ಸೆಪ್ಟೆಂಬರ್ 14

ಪ್ರೀತಿಯ ನೂಲಾ,

ನಿನ್ನ ಜುಲೈ ತಿಂಗಳ ಪತ್ರ ತಲುಪಿತು. ಸೇಬು ಚೆನ್ನಾಗಿ ಹಿಡಿದಿದೆ, ಮದರ್ ಪರ್ಪೆಚುವಾ ಅವರ ಮಂಡಿನೋವು ಇಳಿದಿದೆ, ಗಾಲ್ವೇ ಕಡೆ ಮಳೆ ಎಂದು ಬರೆದಿದ್ದೆ. ಸಂತೋಷ. ಇಲ್ಲೂ ಮಳೆ. ನೀನು ಮಠ ಸೇರಿ ಸಿಸ್ಟರ್ ಕೊಲೆಟ್ ಆದಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಹವಾಮಾನ ವರದಿಯನ್ನೇ ಕಳಿಸಿಕೊಳ್ಳುತ್ತಿದ್ದೇವೆ. ಈ ಸಲ ಬೇರೆ ಸುದ್ದಿ ಇದೆ.

ಹೋದ ಶನಿವಾರ ನದಿ ದಂಡೆಯ ಹಳೆ ಪುಸ್ತಕದ ಅಂಗಡಿಗೆ ಹೋಗಿದ್ದೆ. ಚರ್ಚಿನ ಹಾಡುಪುಸ್ತಕಗಳ ರಾಶಿಯ ತಳದಲ್ಲಿ ಇಲಿ ಕಡಿದ ಸ್ವರಹಾಳೆಗಳ ಒಂದು ಕಟ್ಟು ಸಿಕ್ಕಿತು. ಮೇಲೆ ಜರ್ಮನ್ ಅಕ್ಷರ. 1861, ಲೈಪ್‌ಜಿಗ್. ನಾಲ್ಕು ತಂತಿವಾದ್ಯಗಳಿಗೆ ಬರೆದ ಕ್ವಾರ್ಟೆಟ್. ಬರೆದವನ ಹೆಸರು ಜಾಸ್ಪರ್ ಕ್ವಿನ್ಲನ್, ಊರು ಕ್ಲಾನ್ಮೆಲ್! ಅಂಗಡಿಯ ಟ್ಯಾಲನ್ ಮುದುಕ ಕನ್ನಡಕ ಸರಿಮಾಡಿಕೊಂಡು ನೋಡಿದ. “ಅದು ಯಾರಿಗೂ ಬೇಡವಾದ ಸಂಗೀತ ಕಣಮ್ಮಾ. ಹಾಡೋಕೂ ಆಗಲ್ಲ, ಕುಣಿಯೋಕೂ ಆಗಲ್ಲ. ಒಲೆಗೆ ಹಾಕೋಣ ಅಂತಿದ್ದೆ, ತಗೊಂಡ್ಹೋಗು,” ಎಂದ.

ಗ್ರಂಥಾಲಯದಲ್ಲಿ ಹುಡುಕಿದೆ. ಕ್ವಿನ್ಲನ್ ಬಗ್ಗೆ ಇರುವುದು ಒಂದೇ ಒಂದು ಪ್ಯಾರಾ. ಹಿಟ್ಟಿನ ಗಿರಣಿಯವರ ಮಗ. ಲೈಪ್‌ಜಿಗ್‌ಗೆ ಹೋಗಿ ಕಲಿತ. ವಾಪಸು ಬಂದು ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ದೊಡ್ಡ ಮನೆಗಳ ಹುಡುಗಿಯರಿಗೆ ಪಾಠ ಹೇಳುತ್ತ ನಲವತ್ತನಾಲ್ಕಕ್ಕೇ ತೀರಿಕೊಂಡ. ಜರ್ಮನ್ನರ ಪಾಲಿಗೆ ಅವನು ಐರಿಶ್ ಹುಡುಗ. ನಮ್ಮವರ ಪಾಲಿಗೆ ಜರ್ಮನ್ ಗತ್ತಿನ ಮನುಷ್ಯ. ಎರಡೂ ಕಡೆಯವರು ಸಲೀಸಾಗಿ ಮರೆತರು.

ಆದರೆ ನೂಲಾ, ಎಂಥ ಸಂಗೀತ! ನಮ್ಮದೊಂದು ಗುರುವಾರದ ಗುಂಪಿದೆ ಎಂದು ನಿನಗೆ ಗೊತ್ತು. ನಾನು ಮೊದಲ ಪಿಟೀಲು, ಲೋರ್ಕನ್ ಟಾಫ್ ಎರಡನೆಯದು, ಅವನ ಹೆಂಡತಿ ಫಿಲೊಮೀನಾ ವಯೋಲಾ, ದಂತವೈದ್ಯ ಗಸ್ಸಿ ಪಿಲ್ಕಿಂಗ್ಟನ್ ಮಂಡಿಗಳ ನಡುವೆ ದಪ್ಪ ದನಿಯ ಚೆಲೋ. ಗಸ್ಸಿಯ ದವಾಖಾನೆಯಲ್ಲಿ ರೋಗಿಗಳು ಕಾಯುವ ಕೋಣೆಯೇ ನಮ್ಮ ಸಭಾಂಗಣ. ಕಟ್ಟು ಬಿಚ್ಚಿ ಹಂಚಿದರೆ ಮೂರು ವಾದ್ಯಗಳ ಹಾಳೆ ಮಾತ್ರ ಇವೆ. ಚೆಲೋ ಹಾಳೆಯೇ ಇಲ್ಲ. ಗಸ್ಸಿ ಎರಡೂ ಕೈ ಮೇಲೆತ್ತಿ, “ಸರಿಯಾಗೇ ಇದೆ ಬಿಡಿ. ನಾನು ನುಡಿಸೋದನ್ನ ನೂರು ವರ್ಷ ಮುಂಚೇನೇ ಯಾರೋ ಕೇಳಿಸ್ಕೊಂಡು, ಹಾಳೆ ಬಚ್ಚಿಟ್ಟಿದ್ದಾರೆ,” ಎಂದ.

ಆ ಚೆಲೋ ಹಾಳೆಯನ್ನು ನೀನು ಬರೆದುಕೊಡಬೇಕು. ಉಳಿದ ಮೂರನ್ನು ನೋಡಿ ನಾಲ್ಕನೆಯದನ್ನು ಊಹಿಸುವ ಶಕ್ತಿ ನಿನಗಿದೆ. ಸಂಗೀತ ಅಕಾಡೆಮಿಯಲ್ಲಿ ಚೆಲೋ ಕಲಿಯುವಾಗ ನೀನು ಬೇಜಾರಾದರೆ ಮಾಡುತ್ತಿದ್ದ ಆಟವೇ ಅದು. ಬೇರೆ ಯಾರನ್ನಾದರೂ ಕೇಳಬಹುದಿತ್ತು. ಕೇಳಬೇಕೆನಿಸಲಿಲ್ಲ. ಮಾದರಿಗೆಂದು ಮೂರರದೂ ಸ್ವಲ್ಪ ನಕಲು ಮಾಡಿ ಇದರೊಂದಿಗೆ ಇಟ್ಟಿದ್ದೇನೆ.

ಮದರ್ ಪರ್ಪೆಚುವಾ, ಮಠದ ಮುಖ್ಯಸ್ಥೆಯಾಗಿ ಈ ಪತ್ರವನ್ನು ಮೊದಲು ಓದುವವರು ನೀವೇ. ನಿಮಗೂ ನಮಸ್ಕಾರ. ದಯವಿಟ್ಟು ಬೇಡ ಎನ್ನಬೇಡಿ.

ನಿನ್ನ ಎಥ್ನಾ


ಸಂತ ಕ್ಲಾರಾ ಮಠ, ಕಿಲ್ಬ್ರಾಕ್
1974 ಅಕ್ಟೋಬರ್ 6

ಪ್ರೀತಿಯ ಅಕ್ಕಾ,

ಕ್ರಿಸ್ತನ ಶಾಂತಿ ನಿನ್ನೊಂದಿಗಿರಲಿ. ನಿನ್ನ ಪತ್ರ ಓದಿ ಮದರ್ ನಕ್ಕರು. “ನಿಮ್ಮಕ್ಕನಿಗೆ ಬಾಯಿ ಜಾಸ್ತಿ ಕಣಮ್ಮಾ,” ಎಂದರು.

ನೀನು ನೆನಪಿಟ್ಟು ಕೇಳಿದ್ದು ಸಂತೋಷ. ಆದರೆ ನನ್ನಿಂದಾಗದು. ಚೆಲೋ ಮುಟ್ಟಿ ಇಪ್ಪತ್ತು ವರ್ಷದ ಮೇಲಾಯಿತು. ಇಲ್ಲಿ ವಾದ್ಯವಿಲ್ಲ, ಬಿಡುವೂ ಕಡಿಮೆ. ಬಲಿಪೂಜೆಯ ರೊಟ್ಟಿ ಸುಡುವ ಕೆಲಸ ಈಗ ನನ್ನದು; ಸುತ್ತಲಿನ ಚರ್ಚುಗಳಿಗೆಲ್ಲ ಇಲ್ಲಿಂದಲೇ ಹೋಗುತ್ತದೆ. ದಯವಿಟ್ಟು ಬೇರೆ ಯಾರನ್ನಾದರೂ ನೋಡು. ಡಬ್ಲಿನ್‌ನಲ್ಲಿ ಕಲಿತವರಿಗೆ ಕೊರತೆಯೇ?

ಸೇಬು ಕೊಯ್ದಾಯಿತು. ನಿನ್ನೆ ಗಾಳಿ ಜೋರಾಗಿತ್ತು.

ಕ್ರಿಸ್ತನಲ್ಲಿ ನಿನ್ನ ತಂಗಿ,
ಸಿಸ್ಟರ್ ಕೊಲೆಟ್

ಮರೆತೆ: ನೀನು ಕಳಿಸಿದ ಮಾದರಿಯ ಎರಡನೇ ಸಾಲಿನಲ್ಲಿ ವಯೋಲಾದ ಕೊನೆಯ ಸ್ವರ ನಿನ್ನ ಕೈತಪ್ಪಿರಬೇಕು. ಇಲ್ಲವೆಂದರೆ, ಚೆಲೋ ಅಲ್ಲಿ ಎಲ್ಲರಿಗಿಂತ ಮುಂಚೆಯೇ ಕೆಳಗಿಳಿದು ಕತ್ತಲಲ್ಲಿ ಕಾಯುತ್ತಿದೆ ಎಂದರ್ಥ. ಉಳಿದ ಹಾಳೆಗಳನ್ನು ನಕಲು ಮಾಡುವುದು ನಿನಗೆ ತೊಂದರೆಯಲ್ಲದಿದ್ದರೆ ಕಳಿಸು. ಸುಮ್ಮನೆ ನೋಡುವುದಕ್ಕೆ.


ರಾನೆಲಾ
1974 ಅಕ್ಟೋಬರ್ 20

ಪ್ರೀತಿಯ ನೂಲಾ,

ಕೈತಪ್ಪಿಲ್ಲ. ಅಚ್ಚಿನಲ್ಲೂ ಹಾಗೇ ಇದೆ. ಮೂರೂ ವಾದ್ಯಗಳ ಹಾಳೆಗಳನ್ನು ಪೂರ್ತಿ ಬರೆದು ಇದರೊಂದಿಗೆ ಕಳಿಸಿದ್ದೇನೆ. ಸುಮ್ಮನೆ ನೋಡುವುದಕ್ಕೆ.

ಗುರುವಾರ ಚೆಲೋ ಇಲ್ಲದೆಯೇ ನುಡಿಸಿ ನೋಡಿದೆವು. ಮೂರು ಕಾಲಿನ ಮೇಜಿನ ಮೇಲೆ ಊಟಕ್ಕೆ ಕೂತಂತಾಯಿತು. ಲೋರ್ಕನ್ ಮತ್ತು ಫಿಲೊಮೀನಾ ಮಧ್ಯದಲ್ಲೇ ಜಗಳಕ್ಕೆ ಬಿದ್ದರು.

“ಓಡ್ತಿದ್ದೀಯ ನೀನು,” ಎಂದಳು ಫಿಲೊಮೀನಾ.

“ನಾನು ಓಡ್ತಿಲ್ಲ, ನೀನು ನಿದ್ದೆ ಮಾಡ್ತಿದ್ದೀಯ.”

“ಇಪ್ಪತ್ತೈದು ವರ್ಷ ಆಯ್ತು ಮದುವೆಯಾಗಿ, ಒಂದು ದಿನಾನಾದ್ರೂ ನನ್ನ ತಾಳಕ್ಕೆ ಬಂದಿದ್ದೀಯಾ?”

ಗಸ್ಸಿ ಬರಿಗೈಯಲ್ಲಿ ಕೂತು, “ಈಗ ಗೊತ್ತಾಯ್ತಾ ಚೆಲೋ ಯಾಕೆ ಬೇಕು ಅಂತ? ಗಂಡ ಹೆಂಡತಿ ಮಧ್ಯೆ ಒಬ್ಬ ದಪ್ಪ ಮನುಷ್ಯ ಇರಲೇಬೇಕು,” ಎಂದ.

ಮನಸ್ಸಿನಲ್ಲಿರುವುದನ್ನು ಕೇಳಿಬಿಡುತ್ತೇನೆ. ನಿನಗೆ ಸಂಕಟವಾಗುವುದಿಲ್ಲವೇ? ಅಷ್ಟು ಚೆನ್ನಾಗಿ ನುಡಿಸುತ್ತಿದ್ದವಳು ನೀನು. ನಮ್ಮ ಮನೆಯ ಮೂವರಲ್ಲಿ, ಅಪ್ಪನನ್ನೂ ಸೇರಿಸಿ, ನಿಜವಾದ ಪ್ರತಿಭೆ ಇದ್ದುದು ನಿನ್ನಲ್ಲಿ. ನಾನು ರೇಡಿಯೋ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು ಜೀವನ ಮಾಡಿದೆ. ನೀನು ಮುಂದಿನ ಸಾಲಿನಲ್ಲಿ ಕೂರಬೇಕಾದವಳು ರೊಟ್ಟಿ ಸುಡುತ್ತಿದ್ದೀಯ. ನಿನ್ನ ಬೆರಳುಗಳು ತುಡಿಯುವುದಿಲ್ಲವೇ?

ಮದರ್, ಕ್ಷಮಿಸಿ. ಆದರೆ ಇದನ್ನು ಹೊಡೆದುಹಾಕಬೇಡಿ.

ಎಥ್ನಾ


ಕಿಲ್ಬ್ರಾಕ್
1974 ನವೆಂಬರ್ 28

ಪ್ರೀತಿಯ ಅಕ್ಕಾ,

ಕೃತಿಯ ನಾಲ್ಕು ಭಾಗಗಳಲ್ಲಿ ಮೊದಲನೆಯದರ ಚೆಲೋ ಇದರ ಜೊತೆಗಿದೆ. ಬೈಯಬೇಡ, ಹೊಗಳಲೂ ಬೇಡ. ಗಸ್ಸಿಯವರ ಕೈಗೆ ಕೊಟ್ಟು ನುಡಿಸಿ ನೋಡು.

ಸಂಜೆ ಬಿಡುವಿನ ವೇಳೆ ಬರೆಯಲು ಮದರ್ ಒಪ್ಪಿಗೆ ಕೊಟ್ಟರು. ರೊಟ್ಟಿ ಕತ್ತರಿಸುವ ಮೇಜೇ ನನ್ನ ಮೇಜು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಸಿಸ್ಟರ್ ಬೆನಿಗ್ನಾ. ಅವರು ಒಂದು ಸಂಜೆ ಹೆಗಲ ಮೇಲಿಂದ ಬಗ್ಗಿ ನೋಡಿ, “ಏನಮ್ಮಾ ಇದು, ಇರುವೆ ಸಾಲು?” ಎಂದು ಕೇಳಿದರು. ಸಂಗೀತ ಎಂದೆ. “ಹಾಗಾದ್ರೆ ಸದ್ದು ಎಲ್ಲಿ?” ಎಂದರು. ತಲೆಯೊಳಗಿದೆ ಎಂದೆ. “ಅಲ್ಲೇ ಇರಲಿ ಬಿಡು, ನಂಗೆ ಒಂಬತ್ತು ಗಂಟೆಗೆ ನಿದ್ದೆ ಬರುತ್ತೆ,” ಎಂದು ಹೊರಟುಹೋದರು.

ಭಾನುವಾರದಿಂದ ಆಗಮನಕಾಲ. ನಿನಗೆ ಗೊತ್ತಿರುವಂತೆ ಕ್ರಿಸ್ಮಸ್‌ವರೆಗೆ ನಮಗೆ ಪತ್ರವಿಲ್ಲ. ನೀನು ಕೇಳಿದ ಇನ್ನೊಂದು ಮಾತಿಗೆ ಉತ್ತರ ಬರೆಯಲು ಕೂತರೆ ಇವತ್ತಿನ ಅಂಚೆ ತಪ್ಪಿಹೋಗುತ್ತದೆ.

ಸಿಸ್ಟರ್ ಕೊಲೆಟ್


ರಾನೆಲಾ
1974 ಡಿಸೆಂಬರ್ 29

ಪ್ರೀತಿಯ ನೂಲಾ,

ಹಬ್ಬದ ಶುಭಾಶಯ. ಹೊಗಳಬೇಡ ಎಂದಿದ್ದೀಯ, ಹಾಗಾಗಿ ನಡೆದದ್ದನ್ನಷ್ಟೇ ಹೇಳುತ್ತೇನೆ.

ಗಸ್ಸಿ ನಿನ್ನ ಹಾಳೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡ. ಮೊದಲ ಪುಟ ಮುಗಿಯುವ ಮುಂಚೆಯೇ ಲೋರ್ಕನ್ ದಂಪತಿಗಳ ಜಗಳ ನಿಂತುಹೋಯಿತು. ಕಾಲು ಸಿಕ್ಕ ಮೇಜಿನ ಹಾಗೆ ಎಲ್ಲವೂ ಗಟ್ಟಿಯಾಗಿ ನಿಂತಿತು. ಮುಗಿದ ಮೇಲೆ ಗಸ್ಸಿ ಕೇಳಿದ: “ನಿಮ್ಮ ತಂಗಿ ನನ್ನ ಬೆರಳು ಯಾವಾಗ ನೋಡಿದ್ರು? ನಂಗೆ ಕಷ್ಟ ಆಗೋ ಜಾಗ ಎಲ್ಲಾ ಬಿಟ್ಟು ಬರ್ದಿದ್ದಾರಲ್ಲ!” ನೀನು ಚೆಲೋ ಬಲ್ಲವಳು, ಅದಕ್ಕೇ ಎಂದೆ. “ಅಂಥವರನ್ನ ಒಳಗೆ ಹಾಕಿ ಬೀಗ ಹಾಕಿದ್ದಾರೆ, ನನ್ನಂಥವರನ್ನ ಹೊರಗೆ ಬಿಟ್ಟಿದ್ದಾರೆ. ದೇವರ ಲೆಕ್ಕ ನಮಗೆ ತಿಳಿಯಲ್ಲ,” ಎಂದ. ತಮಾಷೆಗೇ ಹೇಳಿದ. ನನಗೆ ಮಾತ್ರ ನಗು ಬರಲಿಲ್ಲ.

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಕೊಡದಿರುವುದೇ ಉತ್ತರ ಎಂದುಕೊಂಡಿದ್ದೇನೆ. ಇನ್ನು ಕೇಳುವುದಿಲ್ಲ. ನೀನು ಬರೆಯುತ್ತಿರು, ಸಾಕು.

ಎಥ್ನಾ


ಕಿಲ್ಬ್ರಾಕ್
1975 ಫೆಬ್ರುವರಿ 9

ಪ್ರೀತಿಯ ಅಕ್ಕಾ,

ಬುಧವಾರ ಬೂದಿ ಹಬ್ಬ. ಆಮೇಲೆ ಉಪವಾಸದ ತಪಸ್ಸುಕಾಲ, ಈಸ್ಟರಿನ ಪಾಸ್ಖ ಹಬ್ಬದವರೆಗೂ ಪತ್ರವಿಲ್ಲ. ಬಂದ ಪತ್ರಗಳು ಮದರ್ ಪೆಟ್ಟಿಗೆಯಲ್ಲಿ ಕಾಯುತ್ತವೆ. ಅದಕ್ಕೇ ಆತುರವಾಗಿ ಬರೆಯುತ್ತಿದ್ದೇನೆ.

ತಪಸ್ಸುಕಾಲದಲ್ಲಿ ಸ್ವರಹಾಳೆಗಳನ್ನು ಎತ್ತಿಡಬೇಕಲ್ಲ ಎಂದು ಮದರ್ ಬಳಿ ಹೋದೆ. ಅವರು ಕಾಲು ನೀಡಿಕೊಂಡು ಕೂತಿದ್ದರು. “ಅರ್ಧ ಹೊಲಿದ ಅಂಗೀನ ತಪಸ್ಸುಕಾಲ ಬಂತು ಅಂತ ಬಿಸಾಕ್ತೀಯಾ?” ಎಂದರು. ಇಲ್ಲ ಎಂದೆ. “ಮತ್ತೆ? ಹೋಗು, ತೋಳು ಹಚ್ಚು.”

ಮೂರನೆಯದು ವಿಳಂಬ ಭಾಗ. ಅಲ್ಲೇ ಸಿಕ್ಕಿಬಿದ್ದಿದ್ದೇನೆ. ನಡುವೆ ಒಂದು ಜಾಗದಲ್ಲಿ ನಿನ್ನ ಪಿಟೀಲು ಒಂಟಿಯಾಗಿ ಮೇಲೆ ಹತ್ತುತ್ತ ಹೋಗುತ್ತದೆ, ಉಳಿದಿಬ್ಬರು ಒಂದು ಸ್ವರ ಮುಟ್ಟಿ ಸುಮ್ಮನಾಗುತ್ತಾರೆ. ಚೆಲೋ ಅಲ್ಲಿ ಏನು ಮಾಡುತ್ತಿತ್ತು? ತುಂಬಾ ದಿನ ಯೋಚಿಸಿ ಕೊನೆಗೆ ಅದಕ್ಕೊಂದು ಹಾಡು ಕೊಟ್ಟೆ, ನಿನ್ನ ಹಾಡಿಗೆ ಕೆಳಗಿನಿಂದ ಉತ್ತರ ಹೇಳುವಂಥದ್ದು. ಹೆಮ್ಮೆಪಡಬಾರದು, ಆದರೂ ಹೇಳುತ್ತೇನೆ: ನಾನು ಬರೆದದ್ದರಲ್ಲೆಲ್ಲ ಅದೇ ಚೆಂದ.

ನೂಲಾ


ರಾನೆಲಾ
1975 ಮಾರ್ಚ್ 5
(ಅಂಚೆಗೆ ಹಾಕಲಿಲ್ಲ)

ನೂಲಾ,

ಇವತ್ತು ಲೈಪ್‌ಜಿಗ್‌ನಿಂದ ಒಂದು ದಪ್ಪ ಲಕೋಟೆ ಬಂತು.

ಹಾಳೆ ಸಿಕ್ಕ ವಾರವೇ, ನಿನಗೆ ಬರೆಯುವ ಮುಂಚೆ, ಅಲ್ಲಿನ ಒಂದು ಗ್ರಂಥಾಲಯಕ್ಕೆ ನಾಲ್ಕು ಸಾಲು ಬರೆದುಹಾಕಿದ್ದೆ. ಕಮ್ಯೂನಿಸ್ಟರ ಮುಚ್ಚಿದ ಗಡಿಯಾಚೆಯ ದೇಶ, ಉತ್ತರ ಬರುವುದಿಲ್ಲವೆಂದೇ ಮರೆತುಬಿಟ್ಟಿದ್ದೆ. ಈಗ ಕ್ವಿನ್ಲನ್‌ನದೇ ಚೆಲೋ ಹಾಳೆಗಳ ಫೋಟೊ ಪ್ರತಿ ನನ್ನ ಮೇಜಿನ ಮೇಲಿದೆ. ಪೂರ್ತಿ. ಒಂದು ಸ್ವರವೂ ಕಳೆದಿಲ್ಲ.

ಖುಷಿಯಿಂದ ಕುಣಿಯಬೇಕಿತ್ತು. ಅದರ ಬದಲು ಒಲೆಯ ಮುಂದೆ ಕೂತು ಚಹಾ ಆರಿಸಿಕೊಂಡೆ. ನೀನು ಆ ರೊಟ್ಟಿ ಮೇಜಿನ ಮೇಲೆ ಈಗಲೂ ಬರೆಯುತ್ತಿದ್ದೀಯ. ಈ ಪತ್ರ ಕಳಿಸಿದರೂ ಪಾಸ್ಖದವರೆಗೆ ಪೆಟ್ಟಿಗೆಯಲ್ಲಿ ಕೊಳೆಯುತ್ತದೆ. ಮಠದ ಬಾಗಿಲಿಗೆ ಬಂದು ಕೂಗಿ ಹೇಳಬಹುದು. ಹೇಳಿದರೆ ನೀನು ಪೆನ್ನು ಕೆಳಗಿಡುತ್ತೀಯ. ಇಷ್ಟು ವರ್ಷಗಳ ಮೇಲೆ ನಿನ್ನ ಕೈಗೆ ಬಂದ ಒಂದೇ ಒಂದು ಸಂಗೀತವನ್ನೂ ಕಿತ್ತುಕೊಂಡವಳು ನಾನಾಗುತ್ತೇನೆ.

ಗಸ್ಸಿಗೆ ತೋರಿಸಿದೆ. ಅವನು ಓದುತ್ತ ಹೋಗಿ ಒಂದು ಕಡೆ ನಿಂತ. “ಎಥ್ನಾ, ಇದನ್ನ ನಾನು ನೋಡಿಲ್ಲ. ನೀವೂ ನೋಡಿಲ್ಲ. ನಮಗೆ ನಿಮ್ಮ ತಂಗಿ ಬರೆದಿದ್ದೇ ಸಾಕು,” ಎಂದ. ಹಲ್ಲು ಕೀಳುವವರಿಗೆ ಮನಸ್ಸು ಮೆತ್ತಗಿರುತ್ತದೆಂದು ಇವತ್ತು ಗೊತ್ತಾಯಿತು.

ಈ ಪತ್ರ ಕಳಿಸುವುದಿಲ್ಲ.


ಕಿಲ್ಬ್ರಾಕ್
1975 ಮಾರ್ಚ್ 31, ಪಾಸ್ಖದ ಮಾರನೆಯ ದಿನ

ಅಕ್ಕಾ!

ಕ್ರಿಸ್ತ ಎದ್ದಿದ್ದಾನೆ, ಹಾಡು ಮುಗಿದಿದೆ! ನಾಲ್ಕೂ ಭಾಗಗಳ ಚೆಲೋ ಇಲ್ಲಿದೆ. ಕೊನೆಯ ಪುಟ ಶುಭ್ರವಾಗಿ ಬರೆದು ಮುಗಿಸಿದ್ದು ಪವಿತ್ರ ಶನಿವಾರ. ಸಿಸ್ಟರ್ ಬೆನಿಗ್ನಾ ಅವರಿಗೆ ತೋರಿಸಿದೆ. “ಇರುವೆ ಗೂಡು ಸೇರ್ತಾ?” ಎಂದರು.

ಇಂಥ ತಪಸ್ಸುಕಾಲವನ್ನು ನಾನು ಕಂಡಿರಲಿಲ್ಲ. ಹೊಟ್ಟೆ ಹಸಿದಿತ್ತು, ಕೈ ತಣ್ಣಗಿತ್ತು, ತಲೆ ತುಂಬ ಕ್ವಿನ್ಲನ್. ರೊಟ್ಟಿಯ ಹಿಟ್ಟು ಕಲಸುವಾಗ ಅವನ ಜೊತೆ ವಾದ ಮಾಡುತ್ತಿದ್ದೆ: ಇಲ್ಲಿ ಯಾಕಪ್ಪಾ ಹೀಗೆ ತಿರುಗಿದೆ, ನೇರ ಹೋಗಬಾರದಿತ್ತೇ? ಮರುದಿನ ಗೊತ್ತಾಗುತ್ತಿತ್ತು, ಅವನೇ ಸರಿ. ಒಬ್ಬ ಮನುಷ್ಯನ ಪರಿಚಯ ಇಷ್ಟು ಚೆನ್ನಾಗಿ ನನಗೆ ಎಂದೂ ಆಗಿರಲಿಲ್ಲ, ಆತ ಸತ್ತು ನೂರು ವರ್ಷವಾಗುತ್ತ ಬಂದಿದ್ದರೂ.

ವಿಳಂಬ ಭಾಗವನ್ನು ಮೊದಲು ನುಡಿಸಿ. ಹೇಗಿತ್ತೆಂದು ತಕ್ಷಣ ಬರೆ.

ನೂಲಾ


ರಾನೆಲಾ
1975 ಏಪ್ರಿಲ್ 8

ಪ್ರೀತಿಯ ನೂಲಾ,

ಹಾಳೆಗಳು ಸುರಕ್ಷಿತವಾಗಿ ತಲುಪಿದವು. ಬಹಳ ಶ್ರಮಪಟ್ಟಿದ್ದೀಯ. ನಾವೆಲ್ಲರೂ ಕೃತಜ್ಞರು. ವಿಳಂಬ ಭಾಗ ಚೆನ್ನಾಗಿದೆ. ಗಸ್ಸಿಗೆ ಸ್ವಲ್ಪ ನೆಗಡಿ, ಹಾಗಾಗಿ ಪೂರ್ತಿ ನುಡಿಸಲು ಇನ್ನೂ ಆಗಿಲ್ಲ.

ಇಲ್ಲಿ ಬಿಸಿಲು ಬಂದಿದೆ. ಮದರ್ ಅವರ ಮಂಡಿ ಹೇಗಿದೆ?

ಎಥ್ನಾ


ಕಿಲ್ಬ್ರಾಕ್
1975 ಏಪ್ರಿಲ್ 15

ಅಕ್ಕಾ,

ಮದರ್ ಅವರ ಮಂಡಿ ಚೆನ್ನಾಗಿದೆ. ನಿನ್ನ ಪತ್ರ ಚೆನ್ನಾಗಿಲ್ಲ. ಅವರೂ ಓದಿ, “ಇದು ನಿಮ್ಮಕ್ಕ ಬರ್ದಿದ್ದಾ, ಇಲ್ಲಾ ಸರ್ಕಾರದೋರು ಬರ್ದಿದ್ದಾ?” ಎಂದು ಕೇಳಿದರು.

ನನ್ನ ಕೆಲಸ ಕೆಟ್ಟದಾಗಿದ್ದರೆ ಹಾಗೆಂದೇ ಹೇಳು. ಇಪ್ಪತ್ತು ವರ್ಷ ಬಿಟ್ಟವಳು, ವಾದ್ಯವಿಲ್ಲದೆ ಬರೆದವಳು, ತಪ್ಪಾಗಿರುತ್ತದೆ. ತಿದ್ದಿದರಾಯಿತು. ಮೂರು ರಾತ್ರಿ ಕೊನೆಯ ಭಾಗವನ್ನು ತಲೆಯಲ್ಲೇ ತಿರುವಿ ಹಾಕಿದೆ, ಎಲ್ಲಿ ಎಡವಿದೆನೋ ಕಾಣುತ್ತಿಲ್ಲ. ಕನಿಕರಕ್ಕೆ ಚೆನ್ನಾಗಿದೆ ಎನ್ನಬೇಡ. ಸಣ್ಣವಳಿದ್ದಾಗಲೂ ನೀನು ಸುಳ್ಳು ಹೇಳುವ ಮುಂಚೆ ಹವಾಮಾನ ಮಾತಾಡುತ್ತಿದ್ದೆ.

ನೂಲಾ


ರಾನೆಲಾ
1975 ಏಪ್ರಿಲ್ 18

ನೂಲಾ,

ನಿನ್ನ ಕೆಲಸ ಕೆಟ್ಟದಾಗಿಲ್ಲ. ಇದರೊಳಗೆ ಎರಡು ವಸ್ತು ಇವೆ. ಒಂದು, ಮಾರ್ಚ್‌ನಲ್ಲಿ ಬರೆದು ಕಳಿಸದ ಪತ್ರ. ಮೊದಲು ಅದನ್ನು ಓದು. ಇನ್ನೊಂದು, ಆ ಪತ್ರ ಓದಿದ ಮೇಲೆ ಏನೆಂದು ನಿನಗೇ ಗೊತ್ತಾಗುತ್ತದೆ.

ನಿನ್ನದನ್ನೇ ನುಡಿಸಬೇಕೆಂದು ನಾವು ನಾಲ್ವರೂ ತೀರ್ಮಾನಿಸಿದ್ದೇವೆ. ಲೋರ್ಕನ್ ಮತ್ತು ಫಿಲೊಮೀನಾ ಒಂದೇ ಮಾತಿಗೆ ಒಪ್ಪಿದ್ದು ಇದೇ ಮೊದಲು.

ಸಿಟ್ಟಾಗಬೇಡ.

ಎಥ್ನಾ


ಕಿಲ್ಬ್ರಾಕ್
1975 ಏಪ್ರಿಲ್ 30

ಅಕ್ಕಾ, ನನ್ನ ಹುಚ್ಚು ಅಕ್ಕಾ,

ಸಿಟ್ಟೇ? ಲಕೋಟೆಯಲ್ಲಿದ್ದುದನ್ನು ನೋಡಿದವಳೇ ರೊಟ್ಟಿ ಕೋಣೆಯಲ್ಲಿ ಕೂಗಿಬಿಟ್ಟೆ. ಮೌನದ ಹೊತ್ತು ಬೇರೆ. ಸಿಸ್ಟರ್ ಬೆನಿಗ್ನಾ ಕೈ ಸುಟ್ಟಿತೇನೋ ಎಂದು ಬೆಣ್ಣೆ ಹಿಡಿದು ಓಡಿಬಂದರು.

ನಿನಗೆ ಅರ್ಥವಾಗಲಿಲ್ಲವೇ? ಅವನು ಏನು ಬರೆದಿದ್ದ ಎಂದು ತಿಳಿಯಬೇಕೆಂದೇ ನಾನು ಆರು ತಿಂಗಳು ಕೂತದ್ದು. ಒಗಟಿಗೆ ಉತ್ತರ ಸಿಕ್ಕರೆ ಯಾರಾದರೂ ಅಳುತ್ತಾರೆಯೇ? ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಒಂದು ವಾರ ಹಬ್ಬ ಮಾಡಿದೆ. ಮೊದಲ ಭಾಗದಲ್ಲಿ ಬಹುಪಾಲು ನಾನು ಅವನ ಹೆಜ್ಜೆಯಲ್ಲೇ ನಡೆದಿದ್ದೇನೆ. ಕತ್ತಲಲ್ಲಿ ಕಾಯುವ ಆ ಸ್ವರ ಇದೆಯಲ್ಲ, ಅದು ಅವನಲ್ಲೂ ಅಲ್ಲೇ ಇದೆ! ಎರಡನೆಯದರಲ್ಲಿ ಅವನು ನನಗಿಂತ ತುಂಟ. ಕೊನೆಯದರಲ್ಲಿ ನಾನು ಹಾಕಿದ ಗಂಟು ನೋಡಿದ್ದರೆ ಅವನು ನಗುತ್ತಿದ್ದ.

ಇನ್ನು ವಿಳಂಬ ಭಾಗ. ನಾನು ಅಷ್ಟು ಹೆಮ್ಮೆಪಟ್ಟು ಹಾಡು ತುಂಬಿದ ಜಾಗದಲ್ಲಿ ಅವನು ಏನೂ ಬರೆದಿಲ್ಲ. ಖಾಲಿ. ಮೂರು ಸಾಲು ಪೂರ್ತಿ ಚೆಲೋ ಸುಮ್ಮನಿರುತ್ತದೆ. ಗಸ್ಸಿಯವರು ಓದುತ್ತ ನಿಂತದ್ದು ಅಲ್ಲೇ ಎಂದು ಕಾಣುತ್ತದೆ. ಅವರಿಗೆ ಕಷ್ಟವಾಗಿರಬೇಕು, ನನಗಾಗಿ. ನನಗೂ ಒಂದು ದಿನ ಪೆಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೋಡಿದರೆ ಅವನೇ ಸರಿ. ಪಿಟೀಲು ಒಂಟಿಯಾಗಿ ಹತ್ತಬೇಕು, ಅದಕ್ಕೆ ಕೆಳಗಿನಿಂದ ಯಾರೂ ಏನೂ ಹೇಳಬಾರದು. ಚೆಲೋ ನುಡಿಸುವವರಿಗೆ ಸುಮ್ಮನಿರುವುದು ಬಾರದು, ಅದಕ್ಕೇ ನನಗೆ ಹೊಳೆಯಲಿಲ್ಲ.

ಅವನದನ್ನೇ ನುಡಿಸಬೇಕು. ಇದರಲ್ಲಿ ಚರ್ಚೆ ಬೇಡ. ಪಾಪ, ನೂರು ವರ್ಷ ಯಾರೂ ಕೇಳಿಲ್ಲ. ಈಗ ಕೇಳುವಾಗಲಾದರೂ ಅವನ ಮಾತು ಅವನದೇ ಇರಲಿ.

ಮದರ್ ಹೇಳಿಕಳಿಸಿದ್ದಾರೆ: ಆಗಸ್ಟ್ ಹನ್ನೊಂದು ನಮ್ಮ ಸಂತ ಕ್ಲಾರಾ ಹಬ್ಬ. ನೀವು ನಾಲ್ವರೂ ಬಂದು ಪ್ರಾರ್ಥನಾಲಯದಲ್ಲಿ ನುಡಿಸುವಿರಾ? ನಾವು ನಮ್ಮನ್ನು ಹೊರಗಿನವರಿಂದ ಬೇರ್ಪಡಿಸುವ ಸರಳುಗಳ ಈಚೆ ಕೂತು ಕೇಳುತ್ತೇವೆ. ಊರವರು ನಿಮ್ಮ ಕಡೆ ಕೂರುತ್ತಾರೆ.

ನೂಲಾ


ರಾನೆಲಾ
1975 ಜೂನ್ 22

ಪ್ರೀತಿಯ ನೂಲಾ,

ಬರುತ್ತೇವೆ. ಗಸ್ಸಿ ಕಾರು ತರುತ್ತಾನೆ. ಪ್ರೊಟೆಸ್ಟೆಂಟ್ ಆದ ತನ್ನನ್ನು ಕ್ಯಾಥೊಲಿಕ್ ಮಠದೊಳಗೆ ಬಿಡುತ್ತಾರಾ ಎಂದು ಅವನ ಚಿಂತೆ. ಫಿಲೊಮೀನಾ, “ಚೆಲೋನ ಮುಂದೆ ಹಿಡ್ಕೊಂಡು ಹೋಗಿ, ಹಿಂದೆ ನೀವು ಕಾಣಲ್ಲ,” ಎಂದಳು.

ಈಗ ನನ್ನ ಮಾತು ಕೇಳು. ಗಸ್ಸಿಯ ಜೊತೆ ಮಾತಾಡಿದ್ದೇನೆ. ಅವನ ಚೆಲೋವನ್ನು ಒಂದು ವಾರ ಮುಂಚೆಯೇ ನಿನಗೆ ಕಳಿಸಿಕೊಡುತ್ತಾನೆ. ವಿಳಂಬ ಭಾಗವನ್ನಾದರೂ ನೀನು ನುಡಿಸು, ಸರಳುಗಳ ಆಚೆಯಿಂದಲೇ. ಮದರ್ ಅವರಿಗೂ ಬೇರೆ ಪತ್ರ ಬರೆದು ಕೇಳಿದ್ದೇನೆ. ಅವಳ ಇಷ್ಟ ಎಂದು ಅವರ ಉತ್ತರವೂ ಬಂದಿದೆ. ಇನ್ನು ಯಾವ ಅಡ್ಡಿಯೂ ಇಲ್ಲ. ಒಂದು ಸಲ, ನೂಲಾ. ಮತ್ತೊಮ್ಮೆ ನಾವಿಬ್ಬರೂ ಒಟ್ಟಿಗೆ ನುಡಿಸೋಣ. ಈ ವರ್ಷವೆಲ್ಲ ನಾನು ಕಾದದ್ದು ಇದಕ್ಕೇ ಎಂದು ಈಗ ಅನಿಸುತ್ತಿದೆ.

ಎಥ್ನಾ


ಕಿಲ್ಬ್ರಾಕ್
1975 ಜುಲೈ 3

ಅಕ್ಕಾ,

ಬೇಡ. ಗಸ್ಸಿಯವರ ಚೆಲೋ ಗಸ್ಸಿಯವರ ಬಳಿಯೇ ಇರಲಿ, ಅವರೇ ನುಡಿಸಲಿ. ಅವರ ಔದಾರ್ಯಕ್ಕೆ ನನ್ನ ವಂದನೆ ಹೇಳು.

ನಿನಗೆ ನೋವಾಗುತ್ತದೆಂದು ಗೊತ್ತು. ಕಾರಣ ಇದೆ, ಆದರೆ ಅದು ನನಗೇ ಇನ್ನೂ ಸ್ಪಷ್ಟವಾಗಿಲ್ಲ. ಕೇಳಿದ ಮೇಲೆ ಬರೆಯುತ್ತೇನೆ. ಭಯವೂ ಅಲ್ಲ, ನಿಯಮವೂ ಅಲ್ಲ. ಅಷ್ಟು ಮಾತ್ರ ನಂಬು.

ಬಂದೇ ಬಾ.

ನೂಲಾ


ಕಿಲ್ಬ್ರಾಕ್
1975 ಆಗಸ್ಟ್ 14

ಪ್ರೀತಿಯ ಅಕ್ಕಾ,

ನೀವು ಹೋಗಿ ಮೂರು ದಿನವಾದರೂ ಮಠದ ಮಾತೆಲ್ಲ ನಿಮ್ಮದೇ. ಗಸ್ಸಿಯವರು ಎರಡನೇ ಭಾಗದ ಮಧ್ಯದಲ್ಲಿ ಹಾಳೆ ಬೀಳಿಸಿಕೊಂಡು “ಅಯ್ಯೋ ದೇವರೇ” ಎಂದದ್ದನ್ನು ಸಿಸ್ಟರುಗಳು ಪ್ರಾರ್ಥನೆಯೆಂದೇ ತಿಳಿದಿದ್ದಾರೆ. ಒಳ್ಳೆಯ ಕ್ರೈಸ್ತ ಎಂದು ಮದರ್ ಪ್ರಮಾಣಪತ್ರ ಕೊಟ್ಟಿದ್ದಾರೆ.

ಮುಗಿದ ಮೇಲೆ ಸಂದರ್ಶನದ ಕೋಣೆಯಲ್ಲಿ ನೀನು ಸರಳುಗಳಾಚೆ ಕೂತು ಕೈಗವಸು ಹಿಂಡುತ್ತಿದ್ದೆ. “ಚೆನ್ನಾಗಿತ್ತಾ?” ಎಂದು ನೀನು ಕೇಳಿದೆ. “ಹ್ಞೂಂ,” ಎಂದೆ ನಾನು. “ಅಷ್ಟೇನಾ?” ಎಂದೆ ನೀನು. ನನಗೆ ಅಷ್ಟೇ ಬಂದದ್ದು. ನಿನ್ನ ಮುಖ ನೋಡಿದರೆ, ನಾನು ನುಡಿಸದೆ ಹೋದದ್ದನ್ನು ನೀನು ಇನ್ನೂ ನುಂಗಿಲ್ಲ ಎಂದು ತಿಳಿಯುತ್ತಿತ್ತು. ಈಗ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ನುಡಿಸುತ್ತಿದ್ದೆವು. ಅಪ್ಪ ಪಿಯಾನೊ ಮುಂದೆ, ಕಾಲಲ್ಲಿ ನೆಲ ಕುಟ್ಟುತ್ತ. ನೀನು ಕಿಟಕಿ ಪಕ್ಕ. ನಾನು ನಿನ್ನ ಬೆನ್ನಿಗೆ ಮುಖ ಮಾಡಿಕೊಂಡು. ನಾನು ಏನು ಕೇಳುತ್ತಿದ್ದೆ, ಗೊತ್ತೇ? ನನ್ನ ತಾಳ, ನನ್ನ ಶ್ರುತಿ, ಅಪ್ಪನ ಕಾಲು. ನೀನು ಎಲ್ಲಿ ತಡ ಮಾಡುತ್ತೀಯ, ಎಲ್ಲಿ ಮುಂದೆ ಹೋಗುತ್ತೀಯ, ನಿನ್ನನ್ನು ಎಲ್ಲಿ ಹಿಡಿಯಬೇಕು. ಅಕಾಡೆಮಿಯಲ್ಲೂ ಅಷ್ಟೇ. ನೀನು ನುಡಿಸಿದಲ್ಲೆಲ್ಲ ನಾನೂ ನುಡಿಸುತ್ತಿದ್ದೆ. ಅಕ್ಕಾ, ನಾನು ಒಂದು ದಿನವೂ ನಿನ್ನ ಪಿಟೀಲನ್ನು ಸುಮ್ಮನೆ ಕೂತು ಕೇಳಿರಲಿಲ್ಲ.

ವಿಳಂಬ ಭಾಗದಲ್ಲಿ ಗಸ್ಸಿಯವರು ಕಮಾನನ್ನು ಮಂಡಿಯ ಮೇಲಿಟ್ಟು ತಲೆ ಬಗ್ಗಿಸಿದರು. ಆಗ ನೀನೊಬ್ಬಳೇ ಉಳಿದೆ. ನಿಜವಾದ ಪ್ರತಿಭೆ ಇದ್ದುದು ನನ್ನಲ್ಲಿ ಎಂದು ನೀನು ಬರೆದಿದ್ದೆ. ಯಾರು ಹೇಳಿದರು? ನಿನ್ನ ಸ್ವರದಲ್ಲಿ ಒಂದು ಸಣ್ಣ ಒರಟಿದೆ, ಗಂಟಲು ಕಟ್ಟಿದವರು ಮಾತಾಡುವ ಹಾಗೆ. ಅದು ಅಷ್ಟು ಮೇಲೆ ಹೋದರೂ ತೆಳ್ಳಗಾಗುವುದಿಲ್ಲ. ನಾನು ಆ ಚೆಲೋ ಹಿಡಿದು ಕೂತಿದ್ದರೆ ಸಾಲು ಎಣಿಸುತ್ತಿದ್ದೆ, ಮತ್ತೆ ಯಾವಾಗ ಸೇರಿಕೊಳ್ಳಬೇಕೆಂದು. ಎಣಿಸುವುದು ಬೇಡವಾಗಿತ್ತು ನನಗೆ. ಅದೇ ಕಾರಣ.

ಹೋದ ವರ್ಷ ನೀನು ಕೇಳಿದ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಇಲ್ಲ, ಬೆರಳು ತುಡಿಯುವುದಿಲ್ಲ. ನನಗೆ ಇಲ್ಲಿ ಸುಖವಾಗಿದೆ, ಬಂದ ದಿನದಿಂದಲೂ. ಅದನ್ನು ಬರೆದರೆ ನಿನಗೆ ಇನ್ನೂ ಬೇಸರವಾದೀತು ಎಂದು ಬರೆಯಲಿಲ್ಲ. ನನ್ನ ಮೇಲೆ ಮರುಕಪಡುವುದು ನಿನಗೂ ಒಂದು ಬಗೆಯ ಪ್ರೀತಿಯಾಗಿತ್ತಲ್ಲ, ಅದನ್ನು ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಇನ್ನು ಅದು ಬೇಡ. ಅದರ ಬದಲು ಬಂದು ನುಡಿಸು. ಕ್ವಿನ್ಲನ್ ಇನ್ನೊಂದು ಕ್ವಾರ್ಟೆಟ್ ಬರೆದಿಲ್ಲದಿದ್ದರೆ ಇದನ್ನೇ ನುಡಿಸು.

ನಿನ್ನೆ ಬಿಡುವಿನ ವೇಳೆ ಸಿಸ್ಟರ್ ಬೆನಿಗ್ನಾ ನನ್ನ ತೋಳು ತಟ್ಟಿದರು. ಹಬ್ಬದ ದಿನ ಮೊದಲ ಭಾಗಕ್ಕೇ ಅವರಿಗೆ ಜೊಂಪು ಹತ್ತಿತ್ತು, ಮೂರನೆಯದಕ್ಕೆ ಎದ್ದರಂತೆ.

“ಅವರೆಲ್ಲಾ ಸುಮ್ಮನಾದಾಗ ಒಬ್ಬಳೇ ನುಡಿಸಿದಳಲ್ಲ, ಯಾರಮ್ಮಾ ಆ ಹೆಂಗಸು?” ಎಂದು ಕೇಳಿದರು.

ಎಲ್ಲರೂ ಕೇಳುವಷ್ಟು ಜೋರಾಗಿ ಹೇಳಿದೆ:

“ನಮ್ಮಕ್ಕ.”

ನೂಲಾ